ಹುಳುಮನೆಯ ಪೈಪಿನ ಬುಡ

ರಸ್ತೆಗೆ ಟಾರು ಹಾಕುವ ಕಡೆ ನಾನು ಮೂಗು ಮುಚ್ಚಿಕೊಳ್ಳುವುದಿಲ್ಲ, ನಿಂತುಬಿಡುತ್ತೇನೆ. ನಿಮಗೂ ಅಂಥದೊಂದು ವಾಸನೆ ಇರಬಹುದು. ಈಗ ಇಲ್ಲದ ನಮ್ಮ ಮಧುವನಹಳ್ಳಿಯ ಮನೆ, ಸೂರಿನ ಮೇಲೆ ಕೂತ ಅಪ್ಪ, ಎಲ್ಲ ಎದ್ದು ಬರುತ್ತದೆ. ಆಮೇಲೆ ಇಡೀ ದಿನ ಕೂತಲ್ಲಿ ಕೂರಲಾಗುವುದಿಲ್ಲ. ಅರವತ್ತರ ದಶಕದ ಮಾತು. ರೇಷ್ಮೆ ಹುಳು ಸಾಕಲೆಂದೇ ಹಿತ್ತಿಲಲ್ಲಿ ಕೋಣೆ ಕಟ್ಟಿ, ಹಲಗೆ ಹೊದಿಸಿ, ಮೇಲೆ ಟಾರು ಹಾಳೆ ಹಾಸಿದ್ದರು. ಥಂಡಿಗೆ ಒಳಗೆ ಒಲೆ ಹಚ್ಚುತ್ತಿದ್ದೆವು. ಹೊಗೆ ಹೋಗಲು ಸೂರಿಗೆ ತೂತು ಕೊರೆದು ತಗಡಿನ ಪೈಪು ಇಟ್ಟಿದ್ದರು. ಅದರ ಸುತ್ತ ಹಾಳೆ ಬಿಸಿಲಿಗೆ ಬಿರಿದಿತ್ತು. ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆ ತಟ್ಟಿಗಳಿಗೆ ಬಿಟ್ಟ ದಿನವೇ ಮಳೆ ಹಿಡಿದುಕೊಂಡಿತು. ನೀರು ಪೈಪಿನ ಗುಂಟ ಇಳಿದು ಹುಳುಗಳ ಮೇಲೇ ತೊಟ್ಟಿಕ್ಕಿತು. ಚಂದ್ರಿಕೆ ಸರಿಸಲು ಗೇಣು ಜಾಗವಿರಲಿಲ್ಲ.

ಅಪ್ಪನಿಗೆ ತಡೆಯುವುದೆಂದರೇ ಗೊತ್ತಿಲ್ಲ. ಮಳೆ ಕೊಂಚ ಬಿಟ್ಟಿದ್ದೇ ತಡ, ಅಂಗಳದಲ್ಲಿ ಟಾರು ಕಾಯಿಸಲು ಬೆಂಕಿ ಹಾಕಿದ. ಹುಳು ಇದ್ದಷ್ಟು ದಿನ ಒಗ್ಗರಣೆಯನ್ನೂ ಹಾಕದ ಅವ್ವ ಓಡಿ ಬಂದು ಬಿಂದಿಗೆ ನೀರು ಸುರಿದಳು.

“ಆ ವಾಸ್ನೆಗೆ ಉಳ ಸತ್ತೋಯ್ತವೆ ಕಣ್ರಿ! ಗೂಡು ಬಿಡ್ಸೋಗಂಟ ಟಾರು ಮುಟ್ಬೇಡಿ.”

“ಅಲ್ಲೀಗಂಟ ನೀರ ನಿಮ್ಮಪ್ಪ ತಡೀತಾನಾ?”

“ನೀವೇ ತಡೀರಿ!”

ಅಪ್ಪ ನಿಜಕ್ಕೂ ಗೋಣಿಕೊಪ್ಪೆ ಹಾಕಿಕೊಂಡು ಏಣಿ ಹತ್ತಿದ. ಬಿರುಕಿಗೆ ಅಡ್ಡವಾಗಿ ಕೂತು, ಪೈಪಿನ ಬುಡಕ್ಕೆ ಇನ್ನೊಂದು ಗೋಣಿ ಒತ್ತಿ ಹಿಡಿದ. ಎದೆಗೆ ಪೈಪಿನ ಕಾವು, ಬೆನ್ನಿಗೆ ಮಳೆ. ಹುಳು ನೂಲು ಬಿಡುವಷ್ಟು ದಿನವೂ ಮೋಡ ಕಂಡರೆ ಅಪ್ಪ ಸೂರಿನ ಮೇಲೆ. ಉಂಡ ಕೈ ಆರುವ ಮುಂಚೆ ಮತ್ತೆ ಅಲ್ಲಿಗೇ. ನಾನು ಒಳಗೂ ಹೊರಗೂ ಸುಮ್ಮನೆ ಅಲೆಯುತ್ತಿದ್ದೆ. ಒಳಗಿನಿಂದ ಅವ್ವ, ಸಿಟ್ಟು ಇಳಿದ ದನಿಯಲ್ಲಿ, “ಸಾಕು, ಇಳೀರಿ” ಎಂದು ಕೂಗುವಳು. ಅಪ್ಪ ಮೇಲಿನಿಂದ ಹಲಗೆಯನ್ನು ಟಕಟಕ ತಟ್ಟುವನು. ಅದೇ ಅವನ ಉತ್ತರ.

ಗೂಡು ಬೆಳ್ಳಗೆ ಬಂತು. ಬಿಡಿಸಿ ಕೊಳ್ಳೇಗಾಲಕ್ಕೆ ಸಾಗಿಸಿದ ಮೇಲೆ ಅಪ್ಪ ಬಿರಿದ ಹಾಳೆ ಕತ್ತರಿಸಿ ತೆಗೆದು, ಹೊಸ ತುಂಡನ್ನು ಪೈಪಿನ ಸುತ್ತ ಕೊರಳಪಟ್ಟಿಯ ಹಾಗೆ ಕೂರಿಸಿ, ಬಿಸಿ ಟಾರು ಬಳಿದ. ವಾಸನೆ ಮನೆಯೆಲ್ಲ ತುಂಬಿತು. ಅವ್ವ ಮೂಗಿಗೆ ಸೆರಗು ಹಿಡಿದುಕೊಂಡೇ ನಗುತ್ತಿದ್ದಳು. ಆ ನಗೆಯನ್ನು ನಾನು ಮತ್ತೆ ಕಾಣಲಿಲ್ಲ. ಆ ಚಳಿಗಾಲದಲ್ಲಿ ಜ್ವರ ಬಂದು ಮಲಗಿದ ಅಪ್ಪ ಮತ್ತೆ ಏಳಲಿಲ್ಲ.

ಮುಂದಿನ ಮಳೆಗಾಲ, ಹುಳು ಚಂದ್ರಿಕೆಯಲ್ಲಿದ್ದಾಗಲೇ ರಪರಪ ಮಳೆ ಹೊಡೆಯಿತು. ಒಂದು ತೊಟ್ಟೂ ಸೋರಲಿಲ್ಲ. ಅವ್ವ ಕತ್ತೆತ್ತಿ ಪೈಪಿನ ಬುಡವನ್ನೇ ನೋಡುತ್ತ ನಿಂತಿದ್ದಳು.

“ಸಾಕು, ಇಳೀರಿ” ಅಂದಳು.

ನಾವಿಬ್ಬರೂ ಹಲಗೆಯ ಸದ್ದಿಗೆ ಕಾದೆವು.