ಬಾಗಿಲು ಹಚ್ಚುವುದೂ ಹಾಕುವುದೂ

ಬೆಳಗಿನ ಹತ್ತು ಗಂಟೆ. ಖಾಕಿ ಅಂಗಿ ತೊಟ್ಟ ಹಿರಿಯರೊಬ್ಬರು ಕಬ್ಬಿಣದ ದೊಡ್ಡ ತಟ್ಟೆಗೆ ಸೀಮೆಎಣ್ಣೆ ಸುರಿದು, ಕಡ್ಡಿ ಗೀರಿ ಎಸೆದರು. ಬೆಂಕಿ ಆಳೆತ್ತರ ಎದ್ದಿತು. ಆಮೇಲೆ ನಮ್ಮ ಕಡೆ ತಿರುಗಿ, ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವವರ ಹಾಗೆ, "ಬನ್ನಿ, ಬನ್ನಿ, ಹತ್ರ ಬನ್ನಿ" ಎಂದರು. ನಾವು ಆರು ಜನ ಹೆಂಗಸರು ಒಟ್ಟಿಗೆ ಹಿಂದಕ್ಕೆ ಸರಿದೆವು. ಗದಗಿನ ಕಡೆ ನಾನು ಬೆಳೆದ ಅಷ್ಟೂ ವರ್ಷ ಬೆಂಕಿ ಕಂಡರೆ ಓಡಬೇಕೆಂದೇ ಎಲ್ಲರೂ ಹೇಳಿಕೊಟ್ಟಿದ್ದರು. ಅದರ ಕಡೆಗೆ ನಡೆಯಿರಿ ಎಂದವರು ಇವರೇ ಮೊದಲು. ಎಂಥ ಊರಿಗೆ ಬಂದು ಬಿದ್ದೆನಪ್ಪಾ ಎನ್ನಿಸಿತು!

ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಮರುವರ್ಷ ನಮ್ಮ ಯಜಮಾನರಿಗೆ ಬೆಂಗಳೂರಿಗೆ ವರ್ಗವಾಯಿತು. ಗೋವಿಂದರಾಜನಗರದ ವಠಾರವೊಂದರಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಮೊದಲ ದಿನ ರೊಟ್ಟಿ ಬಡಿಯಲು ಕೂತಿದ್ದೇ ತಡ, ಮನೆ ಮಾಲೀಕರ ಹೆಂಡತಿ ಓಡಿ ಬಂದರು. "ಏನ್ರೀ ಅದು, ಗೋಡೆಗೆ ಮೊಳೆ ಹೊಡೀತಿದೀರಾ?" ನಮ್ಮಲ್ಲಿ ಓಣಿಯ ಪ್ರತಿ ಮನೆಯಿಂದಲೂ ಕೇಳುವ ಸದ್ದು ಇಲ್ಲಿ ಮೊಳೆ ಹೊಡೆದಂತೆ ಕೇಳಿಸಿತು. ಅಂಗಡಿಯಲ್ಲಿ ಉಳ್ಳಾಗಡ್ಡಿ ಕೇಳಿದರೆ, ಗಡ್ಡಿ ಎಂಬುದಷ್ಟೇ ಕಿವಿಗೆ ಬಿದ್ದವನು ಆಲೂಗಡ್ಡೆ ತೂಗಿಕೊಟ್ಟ. ಅದು ಈರುಳ್ಳಿಯಪ್ಪಾ ಎಂದು ಹೇಳಲು ಆ ಹೆಸರು ನನಗೆ ಆಗ ಗೊತ್ತಿರಲಿಲ್ಲ. ವಾರವಿಡೀ ಆಲೂಗಡ್ಡೆ ಪಲ್ಯ ತಿಂದೆವು. ಊರಲ್ಲಿ ಬಾಯಿಬಡಕಿ ಎಂದು ಹೆಸರಾದವಳು ಇಲ್ಲಿ ಬೆರಳು ತೋರಿಸಿ ಸಾಮಾನು ತರುವವಳಾದೆ. ರಾಜ್ಯದ ಹೆಸರು ಒಂದಾಗಿತ್ತು, ನನ್ನ ಕನ್ನಡ ಮಾತ್ರ ಅರ್ಧ ದಾರಿಯಲ್ಲೇ ಇಳಿದುಹೋಗಿತ್ತು. ನನಗೆ ಅದರಷ್ಟು ಬೇಜಾರು ಬೇರೆ ಯಾವುದರಿಂದಲೂ ಆಗಲಿಲ್ಲ.

ಹೀಗಿರುವಾಗ ರಾಜಾಜಿನಗರದ ಸಣ್ಣ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ ಸಿಕ್ಕಿತು. ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಸುತ್ತಿದ ಸುರುಳಿಗಳನ್ನು ವಾರ್ನಿಷ್‌ನಲ್ಲಿ ಅದ್ದಿ ಕಾಯಿಸಿ ಒಣಗಿಸಲು ಮೂಲೆಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಅದಕ್ಕೆ ತಗಡು ಹೊಡೆದ ಬಾಗಿಲು. ವಾರ್ನಿಷ್ ಬೆಂಕಿ ಹಿಡಿದರೆ ಗತಿಯೇನೆಂದು ಮಾಲೀಕರಿಗೆ ಸದಾ ಭಯ. ಅದಕ್ಕೇ ನಮ್ಮಲ್ಲಿ ಆರು ಜನರನ್ನು ಆರಿಸಿ, ಅಗ್ನಿಶಾಮಕ ದಳದಿಂದ ನಿವೃತ್ತರಾದ ನಂಜುಂಡಯ್ಯನವರನ್ನು ಶನಿವಾರ ಶನಿವಾರ ಪಾಠ ಹೇಳಲು ಕರೆಸಿದರು. ಕಾರ್ಖಾನೆಯ ಹಿಂದಿನ ಬಯಲಲ್ಲಿ ತಟ್ಟೆಗೆ ಬೆಂಕಿಯಿಟ್ಟು ನಮ್ಮನ್ನು ಕರೆದವರು ಅವರೇ.

"ಬೆಂಕಿಗೆ ಮೂರು ಬೇಕು ಕಣ್ರಮ್ಮ. ಸುಡೋಕೆ ಸಾಮಾನು, ಕಾವು, ಗಾಳಿ. ಮೂರರಲ್ಲಿ ಒಂದನ್ನ ಕಿತ್ಕೊಂಡ್ರೆ ಸಾಕು, ಅದರ ಆಟ ಮುಗೀತು" ಎಂದರು ಅವರು. ನನ್ನ ಕೈಗೆ ಒದ್ದೆ ಗೋಣಿಚೀಲ ಕೊಟ್ಟರು. ಅದನ್ನು ಗುರಾಣಿಯಂತೆ ಮುಂದೆ ಹಿಡಿದು, ಗಾಳಿ ಬೆನ್ನಿಗಿರುವಂತೆ ನಿಂತು, ತಟ್ಟೆಯ ಈಚೆ ಅಂಚಿನಿಂದ ಆಚೆ ಅಂಚಿಗೆ ಹೊದಿಸಿದೆ. ಬುಸ್ ಎಂದು ಬೆಂಕಿ ಸತ್ತೇಹೋಯಿತು! ಕಣ್ಣು ಬಿಟ್ಟು ನೋಡಿದರೆ ಹೊಗೆಯಷ್ಟೇ ಇತ್ತು. ನಾನು ಆ ಬಯಲಲ್ಲಿ ನಿಂತು ಗಟ್ಟಿಯಾಗಿ ನಕ್ಕೆ. ಬೆಂಗಳೂರಿಗೆ ಬಂದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಆಮೇಲೆ ಶನಿವಾರ ಯಾವಾಗ ಬರುತ್ತದೋ ಎಂದು ಕಾಯುವಂತಾಯಿತು. ಹೊಗೆ ತುಂಬಿದ ಶೆಡ್ಡಿನಲ್ಲಿ ನೆಲಕ್ಕೆ ಮೂಗು ತಾಗಿಸಿ ತೆವಳುವುದು ಕಲಿತೆವು, ಉಸಿರಾಡುವ ಗಾಳಿ ಕೆಳಗೆ ಉಳಿದಿರುತ್ತದೆ. ಮುಚ್ಚಿದ ಬಾಗಿಲನ್ನು ತೆರೆಯುವ ಮೊದಲು ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ ಮುಟ್ಟಿ ನೋಡಬೇಕು. ಸುಟ್ಟರೆ ಹಿಂಭಾಗ ಸುಡಲಿ, ಹಿಡಿಯುವ ಅಂಗೈ ಉಳಿಯಲಿ. ಉರಿಯುವ ಎಣ್ಣೆಗೆ ನೀರು ಸುರಿಯಬಾರದು, ಮರಳು ಹಾಕಬೇಕು. ನೈಲಾನ್ ಸೀರೆ ಉಟ್ಟು ಬಂದವರನ್ನು ನಂಜುಂಡಯ್ಯ ಹತ್ತಿರಕ್ಕೇ ಸೇರಿಸುತ್ತಿರಲಿಲ್ಲ. ಹತ್ತಿ ಸೀರೆಯುಟ್ಟರೂ ಓಡುವಾಗ ನಿರಿಗೆ ಕಾಲಿಗೆ ಸಿಕ್ಕಿ ಎಲ್ಲರೂ ಮುಗ್ಗರಿಸುತ್ತಿದ್ದರು. ನಾನು ನಮ್ಮಜ್ಜಿಯ ಹಾಗೆ ಕಚ್ಚೆ ಹಾಕಿ ಓಡಿ ತೋರಿಸಿದೆ. ಮರುವಾರ ಆರು ಜನರೂ ಕಚ್ಚೆಯಲ್ಲೇ ನಿಂತಿದ್ದೆವು, ಆಮೇಲೆ ದಿನದ ಕೆಲಸಕ್ಕೂ ಹಾಗೇ ಬರತೊಡಗಿದೆವು. ನನ್ನೂರಿನಿಂದ ತಂದ ಒಂದು ವಸ್ತುವನ್ನಾದರೂ ಬೆಂಗಳೂರು ಒಪ್ಪಿತಲ್ಲ ಎಂದು ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಒಂದೇ ಪಾಠವನ್ನು ಎಷ್ಟು ಸಲ ಮಾಡಿಸುತ್ತೀರಿ ಎಂದು ಮೂಡಲಪಾಳ್ಯದ ಜಯಮ್ಮ ಗೊಣಗಿದಳು. ನನ್ನ ಪಕ್ಕದ ಮೇಜಿನಲ್ಲೇ ತಂತಿ ಸುತ್ತುವವಳು, ನನಗೆ ಸಿಕ್ಕ ಮೊದಲ ಗೆಳತಿ. ನಂಜುಂಡಯ್ಯ ಹೇಳಿದರು: "ಬೆಂಕಿ ಬಿದ್ದಾಗ ತಲೆ ಕೈಕೊಡುತ್ತಮ್ಮ. ಅವಾಗ ಕೈಕಾಲು ತಾವಾಗೇ ಕೆಲಸ ಮಾಡ್ಬೇಕು. ಅದಕ್ಕೇ ಇಷ್ಟು ಸಲ."

ಅವರ ಇನ್ನೊಂದು ನಿಯಮ, ಕೂಗುವವಳು ಒಬ್ಬಳೇ ಇರಬೇಕು. ಎಲ್ಲರೂ ಕೂಗಿದರೆ ಯಾರಿಗೂ ಕೇಳುವುದಿಲ್ಲ. ಆರೂ ಜನರನ್ನು ಬಯಲಿನ ಆ ತುದಿಯಲ್ಲಿ ನಿಲ್ಲಿಸಿ ಕೂಗಿಸಿದರು. ಹೊಲದ ಈ ಬದುವಿನಿಂದ ಆ ಬದುವಿಗೆ ಕರೆದು ಬೆಳೆದ ಗಂಟಲು ನನ್ನದು, ನಾನೇ ಆಯ್ಕೆಯಾದೆ. ಅಂಗಡಿಯಲ್ಲಿ ಬಾಯಿ ಬಿಡಲು ಹೆದರುತ್ತಿದ್ದವಳ ದನಿಯೇ ಬೇಕೆಂದು ಈ ಊರಿನಲ್ಲಿ ಒಬ್ಬರು ಹೇಳಿದ್ದರು. ಯಜಮಾನರ ಮುಂದೆ ಅದನ್ನು ಮೂರು ಸಲ ಹೇಳಿದೆ.

ಎಡವಟ್ಟಾದದ್ದು ಮುಂದಿನ ಶನಿವಾರ. ಶೆಡ್ಡಿನೊಳಗೆ ಬೆಂಕಿ, ಒಳಗಿದ್ದವರೆಲ್ಲ ಹೊರಗೆ ಬಂದಾಗಿದೆ. ಈಗ ಬಾಗಿಲು ಮುಚ್ಚಿಸಿ ಗಾಳಿ ತಡೆಯಬೇಕು. ನಾನು ಗಂಟಲು ಹರಿಯುವಂತೆ ಕೂಗಿದೆ: "ಬಾಗಲಾ ಹಚ್ಚ್ರೀ!"

ಬಾಗಿಲ ಬಳಿಯಿದ್ದ ಜಯಮ್ಮ ಕಲ್ಲಿನಂತೆ ನಿಂತಳು. ಬಾಗಿಲು ನೋಡಿದಳು, ಬೆಂಕಿ ನೋಡಿದಳು, ನನ್ನನ್ನು ನೋಡಿದಳು. "ಲೇ ಶಾಂತಾ, ಇನ್ನೂ ಹಚ್ಬೇಕಾ? ಆಗ್ಲೇ ಉರೀತಿದೆಯಲ್ಲೇ!"

ನಮ್ಮಲ್ಲಿ ಬಾಗಿಲು ಹಚ್ಚುವುದೆಂದರೆ ಮುಚ್ಚುವುದು, ನಮ್ಮ ಕಡೆಯ ಓದುಗರಾದ ನಿಮಗೆ ಅದನ್ನು ಹೇಳಬೇಕಿಲ್ಲ. ಇಲ್ಲಿಯವರು ಹಚ್ಚುವುದು ದೀಪ, ಒಲೆ, ಬೀಡಿ. ಬಾಗಿಲನ್ನು ಇವರು ಹಾಕುತ್ತಾರೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಂಜುಂಡಯ್ಯನವರೂ ನಕ್ಕರು, ಆದರೆ ಬೇಗ ನಿಲ್ಲಿಸಿದರು.

"ನಗೋ ವಿಷಯ ಅಲ್ಲಮ್ಮ ಇದು. ಬೆಂಕಿ ಮುಂದೆ ಒಂದು ಮಾತಿಗೆ ಎರಡರ್ಥ ಇದ್ರೆ ಯಾರಾದ್ರೂ ಸಾಯ್ತಾರೆ. ನಿನ್ನ ಗಂಟಲು ಚಿನ್ನ, ಆದ್ರೆ ಮಾತು ಎಲ್ರಿಗೂ ಗೊತ್ತಾಗ್ಬೇಕು. ಒಂದು ತಿಂಗಳು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಜಯಮ್ಮ ಕೂಗ್ಲಿ."

ಆ ತಿಂಗಳು ಮನೆಯ ಬಾಗಿಲಿಗೆ ಬಿಡುವೇ ಇರಲಿಲ್ಲ. ಬೆಳಿಗ್ಗೆ ಎದ್ದು ತೆರೆಯುವುದು, "ಬಾಗಿಲು ಹಾಕಿ" ಎಂದು ಕೂಗಿ ಮುಚ್ಚುವುದು, ಮತ್ತೆ ತೆರೆಯುವುದು. ಗಂಡ ಹೆಂಡತಿಗೆ ಜಗಳವಾಗಿದೆಯೆಂದು ವಠಾರದಲ್ಲಿ ಸುದ್ದಿಯಾಯಿತು. ಮಾಲೀಕರ ಹೆಂಡತಿ ಯಜಮಾನರನ್ನು ಬದಿಗೆ ಕರೆದು ಬುದ್ಧಿ ಹೇಳಿದರಂತೆ. ಪಾಪ, ಅವರು ಸುಮ್ಮನೆ ತಲೆಯಾಡಿಸಿ ಬಂದರು. ಬಯಲಲ್ಲಿ ಮಾತ್ರ ಇನ್ನೂ ಹತ್ತರಲ್ಲಿ ಮೂರು ಸಲ ನಾಲಿಗೆ ಹಳೆಯ ದಾರಿ ಹಿಡಿಯುತ್ತಿತ್ತು. ಕೂಗುವ ಕೆಲಸ ಕೈತಪ್ಪಿದರೆ ಮತ್ತೆ ಬೆರಳು ತೋರಿಸುವ ಬಾಳೇ ಗತಿ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ತಿಂಗಳು ತುಂಬುವ ಮೊದಲೇ, ಒಂದು ಬುಧವಾರ ಬೆಳಿಗ್ಗೆ ಟೀ ಹೊತ್ತಿನಲ್ಲಿ, ವಾರ್ನಿಷ್ ಕೋಣೆಯಿಂದ ಢಪ್ ಎಂಬ ಸದ್ದು ಬಂತು. ಕಪ್ಪು ಹೊಗೆ ಬಾಗಿಲಿನಿಂದ ಉಕ್ಕಿತು. ಒಳಗೆ ಕೆಲಸ ಮಾಡುತ್ತಿದ್ದ ಇಬ್ಬರು ಕೆಮ್ಮುತ್ತಾ ಹೊರಗೋಡಿ ಬಂದರು. ನಂಜುಂಡಯ್ಯ ಅಲ್ಲಿರಲಿಲ್ಲ, ಅಂದು ಶನಿವಾರವಲ್ಲ. ಇಬ್ಬರೂ ಬಂದರೆಂದು ನಾನು ಎಣಿಸಿದ್ದು ನೆನಪಿದೆ. ಬಾಯಿ ತೆರೆದದ್ದು ನೆನಪಿದೆ. ಏನು ಕೂಗಿದೆನೆಂಬುದು ಮಾತ್ರ ನೆನಪಿಲ್ಲ.

ಕಂಡದ್ದು ಇಷ್ಟು: ಜಯಮ್ಮ ಎರಡೇ ಹೆಜ್ಜೆಗೆ ಬಾಗಿಲ ಬಳಿ ಹೋಗಿ ಕೋಲಿನಿಂದ ತಳ್ಳಿ ಮುಚ್ಚಿದಳು. ಒಬ್ಬಳು ಕರೆಂಟಿನ ದೊಡ್ಡ ಸ್ವಿಚ್ ಇಳಿಸಿದಳು, ಒಬ್ಬಳು ಟೆಲಿಫೋನಿಗೆ ಓಡಿದಳು, ಉಳಿದ ಇಬ್ಬರು ಬಾಗಿಲ ಕೆಳಗಿನ ಸಂದಿಗೆ ಬಕೆಟ್ ಬಕೆಟ್ ಮರಳು ಸುರಿದರು. ಯಾರೂ ಯಾರಿಗೂ ಡಿಕ್ಕಿ ಹೊಡೆಯಲಿಲ್ಲ. ಗಂಟೆ ಬಾರಿಸುತ್ತಾ ಕೆಂಪು ಗಾಡಿ ಬರುವಷ್ಟರಲ್ಲಿ ಗಾಳಿಯಿಲ್ಲದೆ ಬೆಂಕಿಯ ಉಸಿರು ಕಟ್ಟಿತ್ತು. ಗಾಡಿಯಿಂದಿಳಿದವರು ಬಾಗಿಲು ಮುಟ್ಟಿ ನೋಡಿ, "ಇಲ್ಲಿ ಯಾರ್ ಸಾರ್ ಟ್ರೈನಿಂಗ್ ಕೊಟ್ಟಿದ್ದು?" ಎಂದು ಮಾಲೀಕರನ್ನು ಕೇಳಿದರು. ನಾವು ಆರೂ ಜನ ಕಚ್ಚೆ ಸೀರೆಯಲ್ಲಿ, ಮಸಿ ಮುಖದಲ್ಲಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದೆವು. ನಿಜವಾಗಿಯೂ ಕುಣಿದೆವು.

ಶನಿವಾರ ನಂಜುಂಡಯ್ಯ ಬಂದು ಸುಟ್ಟ ಕೋಣೆಯನ್ನು ಸುತ್ತಿ ನೋಡಿದರು. ಹೊರಗೆ ಬಂದು, "ಇನ್ಮೇಲೂ ಶಾಂತಾನೇ ಕೂಗ್ಲಿ" ಎಂದರು. ನನಗೆ ಅಳು ಬಂತು.

ಅಂದು ಬಸ್ಸಿಗೆ ನಡೆಯುವಾಗ ಜಯಮ್ಮನನ್ನು ಕೇಳಿದೆ, "ನಾನು ಏನಂತ ಕೂಗಿದೆ? ಹಚ್ಚ್ರಿ ಅಂದೆನಾ?"

"ಇಲ್ಲ ಕಣೇ. 'ಯವ್ವಾ, ಬಾಗಿಲು ಹಾಕ್ರೀ' ಅಂದೆ. ಅಷ್ಟು ದೊಡ್ಡ ಗಂಟಲು! ನಿಮ್ಮವ್ವಂಗೆ ಗದಗಲ್ಲೇ ಕೇಳಿಸಿರ್ಬೇಕು" ಎಂದು ನಕ್ಕಳು.

ನಾನೂ ನಕ್ಕೆ. ಗೆದ್ದೆನೆಂಬ ಖುಷಿಯಿಂದ ಹೆಜ್ಜೆ ನೆಲಕ್ಕೆ ತಾಗುತ್ತಿರಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಮಾತ್ರ ಆ ಮಾತನ್ನು ಮತ್ತೊಮ್ಮೆ ನನ್ನೊಳಗೇ ಹೇಳಿ ನೋಡಿದೆ. ಜೀವಭಯದಲ್ಲಿ ಯೋಚಿಸದೆ ಬಂದ ಮಾತು ಇಲ್ಲಿಯವರದು. ನಾನು ಹುಟ್ಟಿದಾಗಿನಿಂದ ಅವ್ವ ನನ್ನ ಬಾಯಿಗಿಟ್ಟ ಮಾತು ಒಂದು ತಿಂಗಳಲ್ಲಿ ಹಿಂದೆ ಸರಿದು ನಿಂತಿತ್ತು. ಆದರೂ ಮೊದಲು ಕರೆದದ್ದು ಅವಳನ್ನೇ.

ಮನೆಗೆ ಬಂದು ಅವ್ವನಿಗೆ ಪತ್ರ ಬರೆದೆ. ಬೆಂಕಿ ಬಿದ್ದಾಗ ನಿನ್ನನ್ನೇ ಕರೆದೆ ಎಂದು ಬರೆದೆ. ಆಮೇಲೆ ಏನೆಂದೆ ಎಂಬುದನ್ನು ಬರೆಯಲು ಕೈ ಬರಲಿಲ್ಲ. ಅದನ್ನು ನಿಮಗೆ ಇಲ್ಲಿ ಹೇಳಿಬಿಟ್ಟಿದ್ದೇನೆ. ಅವ್ವನಿಗೆ ಓದಲು ಬರುವುದಿಲ್ಲ, ಈ ಪತ್ರಿಕೆ ಬಂದರೆ ಓಣಿಯವರ ಹತ್ತಿರ ಓದಿಸಿಕೊಳ್ಳುತ್ತಾಳೆ. ನಿಮ್ಮಲ್ಲಿ ಯಾರಾದರೂ ಇದನ್ನು ಅವಳಿಗೆ ಓದುವುದಾದರೆ, ದಯವಿಟ್ಟು ಜಯಮ್ಮನ ಮಾತಿನಲ್ಲಿ 'ಹಾಕ್ರೀ' ಎಂದು ಬರುವಲ್ಲಿ 'ಹಚ್ಚ್ರಿ' ಎಂದೇ ಓದಿ.