ಒಂದೇ ಎಕ್ಸ್‌ರೇಯಲ್ಲಿ ಇಡೀ ಮಗು

ನಮ್ಮತ್ತಿಗೆಗೆ ಸಾಕಾಗಿದೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ. ಇಬ್ಬರದೂ ಒಂದೇ ಆಸ್ಪತ್ರೆ: ಅವರು ಎಕ್ಸ್‌ರೇ ತೆಗೆಯುವವರು, ನಾನು ಮಕ್ಕಳ ವಾರ್ಡಿನ ನರ್ಸ್. ಮನೆಯಲ್ಲಿ ಯಾರೋ ಹೊಡೆದಿರಬಹುದೆಂಬ ಅನುಮಾನದ ಮೇಲೆ ಬರುವ ಕೂಸುಗಳ ಎಕ್ಸ್‌ರೇ ಅವರ ಪಾಲಿಗೆ, ಆಗ ಕೂಸನ್ನು ಹಿಡಿದುಕೊಳ್ಳುವ ಕರ್ಮ ನನ್ನ ಪಾಲಿಗೆ. ಹೊಸಬರಿಗೆ ಇದನ್ನು ಕಲಿಸುವ ತಲೆನೋವೂ ಅತ್ತಿಗೆಯ ಕೊರಳಿಗೇ ಬಿದ್ದಿದೆ. ಕಲಿತವರು ವರ್ಷ ತುಂಬುವ ಮೊದಲೇ ಬೇರೆ ವಿಭಾಗ ಕೇಳಿಕೊಂಡು ಜಾಗ ಖಾಲಿ ಮಾಡುತ್ತಾರೆ. ಮನೆಗೆ ಬಂದ ನೆಂಟರು ತಮ್ಮ ಮಗುವನ್ನು ಎತ್ತಿಕೊಳ್ಳಿ ಎಂದರೆ ಅತ್ತಿಗೆ ಮಂಡಿನೋವು ಎನ್ನುತ್ತಾರೆ. ಮಂಡಿಯೂ ನೋಯುತ್ತದೆ, ಸುಳ್ಳಲ್ಲ.

ಪಾಠಕ್ಕೆ ಅವರ ಮಗಳು ಆಡಿ ಬಿಟ್ಟ ಒಂದು ಗೊಂಬೆ ಇದೆ, ಅದರ ಒಂದು ಕಣ್ಣು ಮುಚ್ಚುವುದಿಲ್ಲ. ಅದನ್ನು ಮೇಜಿನ ಮೇಲೆ ಮಲಗಿಸಿ ಹೇಳುತ್ತಾರೆ: ತಲೆ, ಎದೆ, ತೋಳು, ಕಾಲು ಎಲ್ಲದಕ್ಕೂ ಬೇರೆ ಬೇರೆ ಎಕ್ಸ್‌ರೇ, ಒಟ್ಟಿಗೆ ತೆಗೆದರೆ ಸಣ್ಣ ಮುರಿತ ಕಾಣುವುದಿಲ್ಲ. ಪಕ್ಕೆಲುಬನ್ನು ಓರೆಯಾಗಿಯೂ ತೆಗೆಯಬೇಕು. ಹೊರಗೆ ಕೂತವರಿಗೆ ಏನೊಂದೂ ಹೇಳಬಾರದು, ಅದು ಡಾಕ್ಟರ ಕೆಲಸ. ಈ ಸಲ ಕಲಿಯಲು ಬಂದ ಹುಡುಗಿ ಗೊಂಬೆಯನ್ನು ನೋಡಿಯೇ ಕಣ್ಣೊರೆಸಿಕೊಂಡಳು. ಅಳುಮುಂಜಿ ಎಂದು ನಾನು ಹೆಸರಿಟ್ಟೆ.

ಮೊನ್ನೆ ಅತ್ತಿಗೆ ಊಟಕ್ಕೆ ಕೂತಿದ್ದಾಗ ಒಂದು ಕೂಸು ಬಂತು. ಮಂಚದಿಂದ ಉರುಳಿ ಬಿತ್ತು ಎಂದು ಅಪ್ಪ ಹೇಳಿದ. ಇನ್ನೂ ಮಗುಚಿಕೊಳ್ಳಲೂ ಬಾರದ್ದು ಉರುಳುವುದು ಹೇಗೆ? ಡಾಕ್ಟರಿಗೆ ಅನುಮಾನ ಬಂದು ಮೈಯೆಲ್ಲದರ ಎಕ್ಸ್‌ರೇ ಬರೆದರು. ಏನಾದರೂ ಕಂಡರೆ ಮಗುವನ್ನು ಇಲ್ಲೇ ಉಳಿಸಿಕೊಳ್ಳಬಹುದು, ಇಲ್ಲವಾದರೆ ಸಂಜೆ ಮನೆಗೆ. ಅಪ್ಪ ಗಾಡಿ ತರಲು ಹೋದ. ತಾಯಿ ಮಡಿಲಲ್ಲಿ ದೊಡ್ಡ ಚೀಲವಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿದ್ದಳು.

ನಾನು ಅತ್ತಿಗೆಯನ್ನು ಕರೆದುಕೊಂಡು ಬರುವಷ್ಟರಲ್ಲಿ ಅಳುಮುಂಜಿ ಆಯಾಳಿಂದ ಮಗುವನ್ನು ಹಿಡಿಸಿ ಕೆಲಸ ಮುಗಿಸಿಬಿಟ್ಟಿದ್ದಳು. ತಲೆಯಿಂದ ಪಾದದವರೆಗೆ ಇಡೀ ಮಗು, ಒಂದೇ ಎಕ್ಸ್‌ರೇ.

"ಇದೇನಮ್ಮಾ ಇದು?" ಅತ್ತಿಗೆ ಕೇಳಿದರು.

"ತುಂಬಾ ಅಳ್ತಿತ್ತು ಮೇಡಂ. ಪಾಪ ಅನ್ನಿಸ್ತು. ಒಂದೇ ಸಲಕ್ಕೆ ಮುಗಿಸ್ಬಿಟ್ಟೆ."

"ಇದ್ರಲ್ಲಿ ಏನು ಕಾಣುತ್ತೆ?"

"ಏನೂ ಇಲ್ಲ ಮೇಡಂ. ಅವರಮ್ಮಂಗೂ ಹೇಳ್ದೆ, ಏನೂ ಇಲ್ಲ, ಹೆದರ್ಬೇಡಿ ಅಂತ."

ನನಗೆ ಪಿತ್ತ ನೆತ್ತಿಗೇರಿತು. ಅತ್ತಿಗೆ ಬೈಯಲಿಲ್ಲ, ಬೈಯಲು ಶಕ್ತಿ ಉಳಿದಿದ್ದರೆ ತಾನೇ. "ಎಲ್ಲಾ ಮತ್ತೆ ತೆಗೀಬೇಕು. ನೀನೇ ತೆಗಿ. ನಾನು ಪಕ್ಕದಲ್ಲಿರ್ತೀನಿ," ಎಂದರು.

ನಾನು ಹಿಡಿದುಕೊಂಡೆ. ಕೂಸು ಉಸಿರುಕಟ್ಟುವ ಹಾಗೆ ಅತ್ತಿತು. ಹುಡುಗಿ ಮೂಗೊರೆಸಿಕೊಳ್ಳುತ್ತ ಒಂದೊಂದಾಗಿ ತೆಗೆದಳು. ಎಡ ಬಲದ ಗುರುತು ಇಡಲು ಮರೆತಾಗ ಅತ್ತಿಗೆ ಸುಮ್ಮನೆ ಬೆರಳು ತೋರಿಸಿದರು. ಪಕ್ಕೆಲುಬಿನ ಓರೆ ಎಕ್ಸ್‌ರೇ ಪರದೆಯ ಮೇಲೆ ಬಂತು. ಬೆನ್ನಿನ ಕಡೆ ಸಾಲಾಗಿ ಗಂಟುಗಳಿದ್ದವು, ಯಾವಾಗಲೋ ಮುರಿದು ಈಗ ಕೂಡಿಕೊಳ್ಳುತ್ತಿದ್ದ ಮೂಳೆಗಳು. ದೊಡ್ಡವರ ಕೈ ಎಳೆಗೂಸಿನ ಎದೆಯನ್ನು ಹಿಂಡಿದರೆ ಮುರಿಯುವ ಜಾಗ ಅದು. ಕೂಸನ್ನು ಹಿಡಿದಿದ್ದ ಕೈಯನ್ನು ನಾನು ಸಡಿಲಿಸಿದೆ. ಎಷ್ಟು ವರ್ಷವಾದರೂ ಇದು ರೂಢಿಯಾಗಿಲ್ಲ. ಅತ್ತಿಗೆ ಡಾಕ್ಟರಿಗೆ ಫೋನ್ ಮಾಡಿ ಗೋಡೆಗೊರಗಿ ನಿಂತರು.

ಡಾಕ್ಟರು ಬಂದು ನೋಡಿ, ಹೊರಗೆ ಹೋಗಿ ತಾಯಿಗೆ ಮೆಲ್ಲಗೆ ಹೇಳಿದರು: "ಪಕ್ಕೆಲುಬು ಮುರಿದಿದೆಯಮ್ಮ. ಮಗೂನ ಇವತ್ತು ಮನೆಗೆ ಕಳಿಸೋಕಾಗಲ್ಲ."

ಈಗ ಕೂಗಾಟ ಶುರುವಾಗುತ್ತದೆ ಎಂದು ನಾನು ಮೈ ಬಿಗಿ ಮಾಡಿಕೊಂಡೆ. ತಾಯಿ ಕೂಗಲಿಲ್ಲ. ಚೀಲ ಬಿಚ್ಚಿದಳು. ವಾರಗಟ್ಟಲೆ ಸಾಲುವಷ್ಟು ಮಗುವಿನ ಬಟ್ಟೆ, ಅಡಿಯಲ್ಲಿ ಅವಳವೂ ಇದ್ದವು. ಮಗುವಿಗೆ ಹೊದಿಸಲು ಒಂದು ಶಾಲು ತೆಗೆದು ಅಳುಮುಂಜಿಯ ಕೈಗೆ ಕೊಟ್ಟಳು.

"ಆಗ ನೀವು ಏನೂ ಇಲ್ಲ ಅಂದ್ರಲ್ಲ, ನನ್ನ ಜೀವಾನೇ ಹೋದಂಗಾಯ್ತು," ಎಂದಳು. "ಮತ್ತೆ ಅದೇ ಮನೆಗೆ ಕರ್ಕೊಂಡು ಹೋಗ್ಬೇಕಲ್ಲಾ ಅಂತ."