ನೀರಿಗೆ ಹೆಪ್ಪು

ನಮ್ಮ ಡೊಂಬಿವಲಿಯ ಮನೆಯಲ್ಲಿ ಹತ್ತೊಂಬತ್ತು ದಿನಗಳಿಂದ ನಾನು ಬರೀ ನೀರನ್ನು ಸಾಕುತ್ತಿದ್ದೇನೆ. ನಗಬೇಡಿ. ಎರಡೂವರೆ ಅಡಿ ಉದ್ದದ ಗಾಜಿನ ತೊಟ್ಟಿ, ತಳದಲ್ಲಿ ಕಲ್ಲು, ಮೂಲೆಯಲ್ಲಿ ಗುಳುಗುಳು ಎನ್ನುವ ಫಿಲ್ಟರು, ಮೇಲೊಂದು ಲೈಟು, ಎಲ್ಲ ಉಂಟು. ಮೀನು ಮಾತ್ರ ಇಲ್ಲ. ದಿನಾ ಬೆಳಿಗ್ಗೆ ಒಂದು ಚಿಟಿಕೆ ಮೀನಿನ ತಿಂಡಿಯನ್ನು ಆ ಖಾಲಿ ನೀರಿಗೆ ಉದುರಿಸುತ್ತೇನೆ. ಎದುರು ಫ್ಲ್ಯಾಟಿನ ಮರಾಠಿ ಹುಡುಗಿ ಮೊನ್ನೆ ಅದನ್ನು ನೋಡಿ, "ಕಾಕೂ, ಮಾಸೆ ಕುಠೆ ಆಹೇತ?" ಎಂದು ಕೇಳಿದಳು. ಮೀನು ಇನ್ನೂ ಬಂದಿಲ್ಲ ಎಂದೆ. ಹಾಗಾದರೆ ತಿಂಡಿ ಯಾರಿಗೆ ಎಂದು ಅವಳ ಮುಖವೇ ಕೇಳುತ್ತಿತ್ತು. ಇಲ್ಲದವರಿಗೆ ಎಲೆ ಹಾಕಿ ಬಡಿಸುವುದು ನಮ್ಮ ಉಡುಪಿ ಕಡೆಯವರಿಗೆ ಹೊಸತಲ್ಲ ಎಂದು ಅವಳಿಗೆ ಮರಾಠಿಯಲ್ಲಿ ಹೇಗೆ ಹೇಳಲಿ?

ಇವತ್ತು ಬೆಳಿಗ್ಗೆ ಮುಚ್ಚಳ ತೆಗೆದಾಗ ಒಂದು ವಾಸನೆ ಬಂತು. ಕೆಟ್ಟದ್ದೇನಲ್ಲ. ಕೆರೆಯ ಮೆಟ್ಟಿಲಿನ ಪಾಚಿಯ ವಾಸನೆ, ಹಸಿ ಮಣ್ಣಿನ ವಾಸನೆ. ಇವರ ಕೈಯ ವಾಸನೆ. 'ಇವರು' ಎಂದರೆ ನನ್ನ ಗಂಡ. ಹೋಗಿ ಎರಡು ವರ್ಷವಾಯಿತು.

ಇವರು ಇಲ್ಲಿಯ ಬಣ್ಣದ ಕಂಪನಿಯೊಂದರ ಲ್ಯಾಬಿನಲ್ಲಿದ್ದರು. ದಿನವಿಡೀ ಗಾಜಿನ ನಳಿಗೆಗಳಲ್ಲಿ ಕೆಂಪು, ನೀಲಿ ನೋಡಿ ಸಾಕಾಗುತ್ತಿರಲಿಲ್ಲವೋ ಏನೋ, ಸಂಜೆ ಬಂದು ಮೀನಿನ ಮುಂದೆ ಕೂರುತ್ತಿದ್ದರು. ಈರುಳ್ಳಿಗೂ ದಿನ ನೋಡುವ ಮನೆಗೆ ಏಳು ಮೀನು ಬಂದ ದಿನ ನಾನು ಮಾಡಿದ ರಂಪ ಸಣ್ಣದಲ್ಲ. "ತಿನ್ನಲಿಕ್ಕೆ ಅಲ್ಲ ಮಾರಾಯ್ತಿ, ನೋಡ್ಲಿಕ್ಕೆ" ಎಂದು ನಕ್ಕರು. ನೋಡುವುದಷ್ಟೇ ಆಗಿದ್ದರೆ ಸರಿ; ವಾರಕ್ಕೊಮ್ಮೆ ಮೊಣಕೈವರೆಗೆ ತೊಟ್ಟಿಗೆ ಕೈ ಹಾಕಿ ಕಲ್ಲು ಕೆದಕಿ, ಅದೇ ಕೈಯಲ್ಲಿ ಅಡುಗೆಮನೆಗೆ ಬರುತ್ತಿದ್ದರು. "ಏನನ್ನೂ ಮುಟ್ಟಬೇಡಿ! ಮೊದಲು ಸಾಬೂನು ಹಾಕಿ ಕೈ ತೊಳೆದು ಬನ್ನಿ" ಎಂದು ನಾನು ಬಾಗಿಲಲ್ಲೇ ತಡೆಯುತ್ತಿದ್ದೆ. ಹನ್ನೊಂದು ವರ್ಷ ತಡೆದೆ.

ತೊಳೆಯುವುದು ನನಗೆ ತವರಿನ ಬಳುವಳಿ. ಕಲ್ಯಾಣದ ಸ್ಟೇಷನ್ ಹತ್ತಿರ ನಮ್ಮಪ್ಪನ ಹೋಟೆಲು ಇತ್ತು. ಲೋಟಗಳನ್ನು ಹಬೆಯಾಡುವ ನೀರಿನಲ್ಲಿ ಎರಡು ಸಲ ಅದ್ದಿ ತೆಗೆಯಬೇಕು, ಬೆರಳು ಉಜ್ಜಿದರೆ ಕೀಚ್ ಎನ್ನಬೇಕು. ಇಲ್ಲವಾದರೆ ಅಪ್ಪ ಮತ್ತೆ ತೊಳೆಸುತ್ತಿದ್ದರು. ನಾನು ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಕೀಚ್ ಎನ್ನದೆ ಉಳಿದ ವಸ್ತುವೆಂದರೆ ಆ ಫಿಲ್ಟರಿನ ಸ್ಪಂಜು ಒಂದೇ. ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಜಾರುವ ಸ್ಪಂಜು. ಇವರು ಅದನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಒಮ್ಮೆ ಮೆಲ್ಲಗೆ ಹಿಂಡಿ, ಮತ್ತೆ ಅಲ್ಲೇ ಇಡುತ್ತಿದ್ದರು. ಮೀನಿನ ಹೊಲಸನ್ನು ತಿಂದು ನೀರನ್ನು ವಿಷವಾಗದಂತೆ ಕಾಯುವ, ಕಣ್ಣಿಗೆ ಕಾಣದ ಜೀವಗಳು ಅದರಲ್ಲಿವೆ ಎಂದು ಒಮ್ಮೆ ಹೇಳಿದ್ದರಂತೆ. ನನ್ನ ಗಮನ ಬಹುಶಃ ಕುಕ್ಕರಿನ ಸೀಟಿಯ ಮೇಲಿತ್ತು.

ಹೇಳಿದ್ದರಂತೆ ಎಂದೇಕೆ ಅನ್ನಲಿ, ಹೇಳಿದ್ದರು. ಮಗಳು ಪಲ್ಲವಿ ಖಾರಘರದಲ್ಲಿ ಮನೆ ಮಾಡಿದ ದಿನ ನಾನು ಸ್ಟೀಲಿನ ಡಬ್ಬಿಯಲ್ಲಿ ನಮ್ಮ ಮನೆಯ ಮೊಸರು ಕೊಟ್ಟೆ, ಹೆಪ್ಪು ಹಾಕಲಿಕ್ಕೆ. ಇವರು ಆ ಸ್ಪಂಜಿನ ತುದಿಯನ್ನು ಕತ್ತರಿಸಿ, ತೊಟ್ಟಿಯ ನೀರು ತುಂಬಿದ ಬಾಟ್ಲಿಯಲ್ಲಿ ಹಾಕಿ ಕೊಟ್ಟರು. "ಇದೂ ಹೆಪ್ಪೇ. ಇದು ಹಾಕಿದರೆ ನಿನ್ನ ಹೊಸ ತೊಟ್ಟಿಯ ನೀರು ಬೇಗ ಹದಕ್ಕೆ ಬರ್ತದೆ" ಎಂದರು. ಮಗಳ ಹೊಸ ಮನೆಗೆ ಕೊಳೆ ಕಟ್ಟಿಕೊಡುವ ಅಪ್ಪ ಎಂದು ನಾನು ವರ್ಷಗಟ್ಟಲೆ ನೆಂಟರೆದುರು ನಗಾಡಿದ್ದೇನೆ.

ಆಮೇಲೆ ಇವರ ಹೃದಯ ಕೈಕೊಟ್ಟಿತು. ಠಾಣೆಯ ಆಸ್ಪತ್ರೆಯಲ್ಲಿ ಹನ್ನೆರಡು ದಿನ. ನಾಳೆ ಮನೆಗೆ ಕರೆದುಕೊಂಡು ಹೋಗಬಹುದು ಎಂದು ಡಾಕ್ಟರು ಹೇಳಿದಾಗ, ಪಲ್ಲವಿಯನ್ನು ಅಲ್ಲಿ ಕೂರಿಸಿ ನಾನು ಮನೆಗೆ ಓಡಿಬಂದೆ. ಇವರು ಬರುವಾಗ ಮನೆ ಲಕಲಕ ಎನ್ನಬೇಕು ಎಂಬ ಒಂದೇ ಹಟ. ನೆಲ ಒರೆಸಿದೆ, ಪರದೆ ಬದಲಿಸಿದೆ, ಕೊನೆಗೆ ಮೀನಿನ ತೊಟ್ಟಿಯತ್ತ ತಿರುಗಿದೆ. ಮೀನುಗಳನ್ನು ಬಾಲ್ದಿಗೆ ಹಾಕಿ, ಹಳೆಯ ನೀರೆಲ್ಲ ಚೆಲ್ಲಿ, ಕಲ್ಲು ತಿಕ್ಕಿ, ಆ ಸ್ಪಂಜನ್ನು ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಲ್ಲಿ ಹಿಂಡಿ ಹಿಂಡಿ ತೊಳೆದೆ. ಸಾಬೂನು ಪೂರ್ತಿ ಬಿಡುವವರೆಗೆ ಏಳೆಂಟು ನೀರು. ಅಷ್ಟು ಪ್ರೀತಿಯಿಂದ ನಾನು ಬೇರೆ ಯಾವ ವಸ್ತುವನ್ನೂ ತೊಳೆದದ್ದಿಲ್ಲ. ಹೊಸ ನಲ್ಲಿ ನೀರಿನಲ್ಲಿ ಮೀನುಗಳು ಹೊಳೆಯುತ್ತಿದ್ದವು.

ಮರುದಿನ ಇವರು ಬಾಗಿಲಲ್ಲೇ ನಿಂತು ತೊಟ್ಟಿಯನ್ನು ನೋಡಿದರು. ಚಪ್ಪಲಿ ಬಿಚ್ಚಲು ತುಂಬ ಹೊತ್ತು ಹಿಡಿಯಿತು, ನಿತ್ರಾಣವಿರಬೇಕು ಅಂದುಕೊಂಡೆ. ಹತ್ತಿರ ಹೋಗಿ ಫಿಲ್ಟರಿನ ಮುಚ್ಚಳ ಎತ್ತಿ, ಬಿಳುಚಿದ ಸ್ಪಂಜನ್ನು ನೋಡಿ, ಮತ್ತೆ ಮುಚ್ಚಿದರು. "ಎಷ್ಟು ಚಂದ ಮಾಡಿದ್ದಿ ಮಾರಾಯ್ತಿ" ಎಂದರು. ನನಗೆ ಆಕಾಶ ಮೂರೇ ಗೇಣು.

ಮೂರನೆಯ ದಿನ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ದಿನಾ ಸ್ವಲ್ಪ ನೀರು ಬದಲಿಸು, ಬಾಲ್ದಿಯಲ್ಲಿ ಹಿಡಿದು ಒಂದು ದಿನ ಇಟ್ಟ ನೀರು ಹಾಕು ಎಂದು ಕೂತಲ್ಲಿಂದಲೇ ಹೇಳಿದರು. ಬಾಲ್ದಿ ಎತ್ತುವ ಶಕ್ತಿ ಇವರಿಗಿರಲಿಲ್ಲ. ನಾನು ಹೇಳಿದಂತೆ ಮಾಡಿದೆ, ಗೊಣಗುತ್ತ. ಆದರೂ ದಿನಕ್ಕೊಂದರಂತೆ ಹೋದವು. ಇವರು ಕುರ್ಚಿ ಹಾಕಿಕೊಂಡು ತೊಟ್ಟಿಯ ಮುಂದೆಯೇ ಇರುತ್ತಿದ್ದರು. ಏನಾಯಿತು ಎಂದರೆ, "ವಯಸ್ಸಾಯ್ತಲ್ಲ ಅವಕ್ಕೂ" ಎನ್ನುತ್ತಿದ್ದರು. ಏಳನೆಯದು ತೇಲಿದ ದಿನ ನನಗೆ ರೇಗಿತು. "ಸತ್ತ ಮೀನಿನೆದುರು ಕೂತು ಏನು ಬಂತು? ಸರಿಯಾಗಿ ನೋಡಿಕೊಂಡಿದ್ದರೆ ಹೀಗಾಗ್ತಿತ್ತಾ? ಎಲ್ಲ ನಿಮ್ಮದೇ ತಪ್ಪು" ಎಂದುಬಿಟ್ಟೆ.

ಇವರು ನನ್ನ ಮುಖ ನೋಡಿ, "ಹೌದು, ನಂದೇ" ಎಂದರು.

ಅದಾಗಿ ಎರಡೇ ವಾರಕ್ಕೆ ಇವರೂ ಹೋದರು. ತೊಟ್ಟಿಯನ್ನು ಒರೆಸಿ ಒಣಗಿಸಿ, ಮೇಲೊಂದು ಬಟ್ಟೆ ಹೊದಿಸಿಟ್ಟೆ.

ಕಳೆದ ತಿಂಗಳು ಖಾರಘರಕ್ಕೆ ಹೋಗಿದ್ದೆ. ಪಲ್ಲವಿ ಆಫೀಸಿನ ಫೋನಿನಲ್ಲಿದ್ದಳು. ಸುಮ್ಮನೆ ಕೂತು ಗೊತ್ತಿಲ್ಲದ ನಾನು ಅವಳ ಅಡುಗೆಮನೆಯ ಸಿಂಕು ಉಜ್ಜಿ, ಒಲೆ ಉಜ್ಜಿ, ಅವಳ ಮೀನಿನ ತೊಟ್ಟಿಯ ಫಿಲ್ಟರಿಗೆ ಕೈ ಹಾಕಿದೆ. ಅವಳು ಫೋನು ಬಿಟ್ಟು ಓಡಿಬಂದಳು. "ಅಮ್ಮಾ, ನಹೀ! ಫಿರ್ ಸೇ ಮತ್ ಧೋನಾ!"

ಫಿರ್ ಸೇ. ಮತ್ತೊಮ್ಮೆ ತೊಳೆಯಬೇಡ. ನಾನು ಅವಳ ಫಿಲ್ಟರನ್ನು ಈ ಮೊದಲು ತೊಳೆದವಳೇ ಅಲ್ಲವಲ್ಲ. "ಮತ್ತೊಮ್ಮೆ ಅಂದರೆ?" ಎಂದು ಕೇಳಿದೆ. ಅವಳು ಮಾತು ಮರೆಸಲು ನೋಡಿದಳು. ಬಿಡದೆ ಕೇಳಿದ ಮೇಲೆ ಎಲ್ಲ ಹೇಳಿದಳು: ಸಾಬೂನಿಗೆ, ಬಿಸಿನೀರಿಗೆ ಸ್ಪಂಜಿನಲ್ಲಿದ್ದ ಜೀವಗಳು ಸತ್ತುಹೋದದ್ದು, ಅವಿಲ್ಲದೆ ಮೀನಿನ ಹೊಲಸು ಮೀನಿಗೇ ವಿಷವಾದದ್ದು. "ಪಪ್ಪಾ ಕೋ ಪೆಹಲೇ ದಿನ್ ಸೇ ಪತಾ ಥಾ" ಎಂದಳು. ಮೊದಲ ದಿನದಿಂದಲೇ ಗೊತ್ತಿತ್ತು. ಅಂದೇ ಅವಳಿಗೆ ಫೋನು ಮಾಡಿದ್ದರಂತೆ.

ಪಲ್ಲವಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಹಿಂದಿಯಲ್ಲೇ. ಇಲ್ಲೇ ಹುಟ್ಟಿದ ಮಕ್ಕಳು, ಬೈದು ಪ್ರಯೋಜನವಿಲ್ಲ. ಆದರೆ ಅಪ್ಪ ಫೋನಿನಲ್ಲಿ ಹೇಳಿದ್ದನ್ನು ಅವಳು ಕನ್ನಡದಲ್ಲೇ ಹೇಳಿದಳು. ಎರಡು ವರ್ಷ ಹಾಗೆಯೇ ಜೋಪಾನ ಮಾಡಿಟ್ಟಿದ್ದಳು ಅಂತ ಕಾಣುತ್ತದೆ. "'ಅಮ್ಮ ಪ್ರೀತಿಯಲ್ಲಿ ತೊಳೆದಿದ್ದಾಳೆ. ಅವಳಿಗೆ ಯಾವತ್ತೂ ಹೇಳ್ಬೇಡ' ಅಂದ್ರು."

ನಾನು ಅವಳ ಸಿಂಕಿನ ಮುಂದೆ ನಿಂತು ಜೋರಾಗಿ ಅತ್ತೆ. ಇವರು ಹೋದಾಗ ಕೂಡ ಹಾಗೆ ಅತ್ತಿರಲಿಲ್ಲ. ಮೀನುಗಳನ್ನು ಕೊಂದೆ ಎಂಬ ದುಃಖ ಒಂದು ಪಾಲು. ಕೊಂದದ್ದು ನಾನು, ಬೈದದ್ದೂ ನಾನು, ಹೌದು ನಂದೇ ಎಂದವರು ಇವರು ಎಂಬುದು ಮೂರು ಪಾಲು. ಕ್ಷಮಿಸಿ ಎನ್ನಲು ಎದುರಿಗೆ ಯಾರೂ ಇರಲಿಲ್ಲ.

ಹೊರಡುವಾಗ ಪಲ್ಲವಿ ತನ್ನ ಫಿಲ್ಟರಿನ ಸ್ಪಂಜಿನಿಂದ ಅಂಗೈಯಷ್ಟು ತುಂಡು ಕತ್ತರಿಸಿ, ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟಳು. "ಪಪ್ಪಾ ವಾಲಾ ಹೆಪ್ಪು" ಎಂದಳು. ಅಪ್ಪ ಕೊಟ್ಟದ್ದೇ ಹೆಪ್ಪು. ಹಿಂದಿಯ ನಡುವೆ ಅದೊಂದು ಮಾತಿಗೆ ಅವಳಿಗೆ ಬೇರೆ ಪದ ಸಿಗಲಿಲ್ಲ. ಖಾರಘರದಿಂದ ಠಾಣೆ, ಠಾಣೆಯಿಂದ ಡೊಂಬಿವಲಿ, ಆ ಲೋಕಲಿನ ನೂಕುನುಗ್ಗಲಿನಲ್ಲಿ ಕಂದು ನೀರಿನ ಚೀಲವನ್ನು ಎದೆಗೆ ಅವಚಿಕೊಂಡು ಬಂದೆ. ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡಳು. ನಾನಾಗಿದ್ದರೂ ಮುಚ್ಚಿಕೊಳ್ಳುತ್ತಿದ್ದೆ.

ತೊಟ್ಟಿಗೆ ನೀರು ತುಂಬಿ, ಫಿಲ್ಟರಿನಲ್ಲಿ ಹೊಸ ಸ್ಪಂಜಿನ ಪಕ್ಕ ಆ ತುಂಡನ್ನಿಟ್ಟೆ. ಹಾಗೆ ಶುರುವಾಯಿತು ಈ ಹತ್ತೊಂಬತ್ತು ದಿನ. ನೀರಿಗೆ ಬಿದ್ದ ತಿಂಡಿ ಕೊಳೆಯಬೇಕು, ಕೊಳೆತದ್ದನ್ನು ತಿಂದು ಸ್ಪಂಜಿನ ಜೀವಗಳು ಹೆಚ್ಚಬೇಕು, ನಾನು ಏನನ್ನೂ ತೊಳೆಯದೆ ಕಾಯಬೇಕು. ಮೂರನೆಯದೇ ಕಷ್ಟ. ಇವರ ಗಾಜಿನ ನಳಿಗೆಯಲ್ಲಿ ದಿನಾ ತೊಟ್ಟಿಯ ನೀರು ತೆಗೆದು ಔಷಧದ ಹನಿ ಹಾಕುತ್ತೇನೆ; ಹಸಿರಾದರೆ ವಿಷ ಉಂಟು, ಹಳದಿಯಾಗಿಯೇ ಉಳಿದರೆ ಇಲ್ಲ. ಮೊದಲ ವಾರವೆಲ್ಲ ಹಸಿರು. ಆಮೇಲೆ ಎಳೆ ಹಸಿರು. ಮೂರು ದಿನದಿಂದ ಹಳದಿ. ಇವತ್ತೂ ಹಳದಿಯೇ. ಭಾನುವಾರ ಕಲ್ಯಾಣದ ಅಂಗಡಿಗೆ ಹೋಗಿ ಎರಡು ಮೀನು ತರೋಣ ಎಂದು ಪಲ್ಲವಿ ಫೋನು ಮಾಡಿದ್ದಾಳೆ.

ನಳಿಗೆಯನ್ನು ಬದಿಗಿಟ್ಟು, ಫಿಲ್ಟರಿನೊಳಗೆ ಕೈ ಹಾಕಿದೆ. ಎಳೆ ಮಗುವಿನ ನೆತ್ತಿ ಮುಟ್ಟುವಷ್ಟು ಮೆಲ್ಲಗೆ ಸ್ಪಂಜನ್ನು ಮುಟ್ಟಿದೆ. ಹೊಸ ಸ್ಪಂಜಿಗೂ ಕಂದು ಹಿಡಿದಿದೆ, ಬೆರಳು ಜಾರಿತು. ಕೈ ಹೊರಗೆ ತೆಗೆದು ಮೂಗಿನ ಹತ್ತಿರ ಹಿಡಿದೆ. ಅಡುಗೆಮನೆಯ ಬಾಗಿಲಲ್ಲಿ ನಾನು ಹನ್ನೊಂದು ವರ್ಷ ತಡೆದು ನಿಲ್ಲಿಸಿದ ಅದೇ ಕೈ.

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಎದ್ದು ಹೋದೆ, ಕೈ ತೊಳೆಯದೆ.